ಬುಕ್ಕಿನಲ್ಲಿ ಬರೆಯದ ಬಿಲ್ಲೆ

ಉಣ್ಣೆ ಕತ್ತರಿಸುವ ದಿನವೇ ಅಮೋಗಸಿದ್ಧ ಸೊಲ್ಲಾಪುರಕ್ಕೆ ಹೋಗಿದ್ದ. ಕರಜಗಿಯ ಮನೆಯ ಮುಂದೆ ಅವನ ಅಣ್ಣ ಮರೆಪ್ಪನೂ ಇಬ್ಬರು ಕೂಲಿಯವರೂ ಬೆಳಗಿನಿಂದ ಕುರಿಗಳನ್ನು ಕೆಡವಿ ಕತ್ತರಿ ಆಡಿಸಿದ್ದರು. ಅಮೋಗಸಿದ್ಧನ ಹೆಂಡತಿ ಗುರುಬಾಯಿ, ಮಗಳು ಮುಕ್ತಾಬಾಯಿ ಕರಿ ಉಣ್ಣೆ ಬೇರೆ, ಕಂದು ಉಣ್ಣೆ ಬೇರೆ ಮಾಡಿ ಗಂಟು ಕಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ಅಮೋಗಸಿದ್ಧ ಎಸ್.ಟಿ. ಬಸ್ಸಿನಿಂದ ಇಳಿದು ಎಡಗಾಲು ಎಳೆಯುತ್ತ ಮನೆಗೆ ಬಂದ. ಕೈಕಾಲು ತೊಳೆದು ಅಣ್ಣನ ಪಕ್ಕ ಊಟಕ್ಕೆ ಕುಳಿತ.

ಗುರುಬಾಯಿ ಇಬ್ಬರ ತಾಟಿಗೂ ರೊಟ್ಟಿ, ಪುಂಡಿಪಲ್ಯ ಹಾಕಿದಳು.

"ಇವತ್ತರೆ ಏನಂದ್ರು?" ಎಂದು ಮರೆಪ್ಪ ಕೇಳಿದ.

"ಸಾಹೇಬ್ರು ಪುಣೇಕ್ಕ ಹೋಗ್ಯಾರಂತ. ಮತ್ತ ಬಾ ಅಂದ್ರು."

"ಹೋಗು. ಕುರಿ ತಾವ ಅಡ್ಡ ಬೀಳತಾವ, ತಮ್ಮ ಉಣ್ಣಿ ತಾವ ಕತ್ತರಸಕೋತಾವ. ನೀ ಹೋಗಿ ಬಾ."

"ನಾ ಇದ್ದರೂ ಕುರಿ ಹಿಡಿಯಾಕ ಆಗಂಗಿಲ್ಲಣ್ಣಾ. ಕಾಲು ನಿಂದ್ರಂಗಿಲ್ಲ."

"ಸೊಲ್ಲಾಪುರದಾಗ ನಿಂದರತದೇನು?"

ಮೂಲೆಯಲ್ಲಿ ಕುಳಿತಿದ್ದ ತಾಯಿ ಗಂಗುಬಾಯಿಗೆ ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕಾಗಿದ್ದವು. "ಉಣ್ಣೂ ಮುಂದ ಬ್ಯಾಡ" ಎಂದಳು. "ಉಂಡು ಎದ್ದು ಹೊರಗ ಹೋಗಿ ಜಗಳಾಡ್ರಿ."

ಉಂಡೆದ್ದ ಮೇಲೆ ಇಬ್ಬರೂ ಜಗಳಾಡಲಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ ಆಡಿ ಇಬ್ಬರಿಗೂ ದಣಿವಾಗಿತ್ತು.

ಲಡಾಯಿಯ ಕಾಲದಲ್ಲಿ ಅಮೋಗಸಿದ್ಧ ಪಲ್ಟನ್ ಸೇರಿ ಇಟಲಿಯವರೆಗೆ ಹೋಗಿದ್ದ. ಅಲ್ಲಿ ಕಾಲಿಗೆ ತೋಪಿನ ಗುಂಡಿನ ಚೂರು ಬಡಿದು ಬಹಳ ದಿನ ಆಸ್ಪತ್ರೆಯಲ್ಲಿದ್ದ. ತಿರುಗಿ ಬಂದ ಮೇಲೆ ಪುಣೆಯಲ್ಲಿ ದೊಡ್ಡ ಸಾಹೇಬನೊಬ್ಬ ಅವನ ಎದೆಗೆ ಬೆಳ್ಳಿಯ ಬಿಲ್ಲೆ ಚುಚ್ಚಿ ಕೈ ಕುಲುಕಿದ್ದ. ಧೈರ್ಯ ತೋರಿಸಿದವರಿಗೆ ಕೊಡುವ ಬಿಲ್ಲೆ ಅದು. ಆದರೆ ನೌಕರಿ ಬಿಡಿಸಿ ಊರಿಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಲ್ಲೆಯ ಮಾತೇ ಇರಲಿಲ್ಲ. ಬರೆಯುವವರು ಬಿಟ್ಟಿದ್ದರು. ಓದು ಬಾರದ ಅಮೋಗಸಿದ್ಧನಿಗೆ ಅದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಈ ೧೯೫೪ರಲ್ಲಿ. ಅಂದಿನಿಂದ ಅವನು ಸೊಲ್ಲಾಪುರದ ಸಿಪಾಯಿಗಳ ಕಚೇರಿಗೆ ತಿರುಗುತ್ತಲೇ ಇದ್ದ.

ತಮ್ಮನದು ಬೇಡದ ಹಟವೆಂದು ಮರೆಪ್ಪನಿಗೆ ಅನ್ನಿಸುತ್ತಿತ್ತು. ತಮ್ಮ ದೂರದೇಶದಲ್ಲಿದ್ದಾಗ ಊರಿಗೆ ಪ್ಲೇಗು ಬಂದಿತ್ತು. ಮರೆಪ್ಪ ಎಲ್ಲರನ್ನೂ ಹೊಲಕ್ಕೆ ಕರೆದೊಯ್ದು ಗುಡಿಸಲು ಹಾಕಿದ್ದ. ಜ್ವರ ಬಂದಿದ್ದ ಮುಕ್ತಾಬಾಯಿಯನ್ನು ಮರೆಪ್ಪನ ಹೆಂಡತಿ ತೊಡೆಯ ಮೇಲೆ ಹಾಕಿಕೊಂಡು ಕಾದಳು. ಮಗು ಉಳಿಯಿತು, ಅವಳು ಉಳಿಯಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಮರೆಪ್ಪ ಮತ್ತೆ ಮದುವೆಯಾಗದೆ ತಮ್ಮನ ಮಗ ನಿಂಗಣ್ಣನನ್ನು ಸಾಲಿಗೆ ಹಾಕಿ ಓದಿಸಿದ. ಮುಕ್ತಾಬಾಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ಕಾದ. ಅದಕ್ಕೆ ಅವನಿಗೆ ಯಾರೂ ಬಿಲ್ಲೆ ಕೊಟ್ಟಿರಲಿಲ್ಲ.

ಮುಕ್ತಾಬಾಯಿ ಸಂಕ್ರಾಂತಿಗೆ ತವರಿಗೆ ಬಂದವಳು ತಿರುಗಿ ಗಂಡನ ಮನೆಗೆ ಹೋಗಿರಲಿಲ್ಲ. ಮಾವ ಹಣಮಂತಪ್ಪನದು ಹೊಲ, ಬಾವಿ, ಎತ್ತಿನ ಬಂಡಿ ಇದ್ದ ಮನೆ. ಯುಗಾದಿ ಆದಮೇಲೆ ಸೊಸೆಯನ್ನು ಕರೆಯಲು ಬರುತ್ತೇವೆಂದು ಅವನು ಹೇಳಿಕಳಿಸಿದ್ದ. ಬರ್ರಿ, ಕಳಸತೀವಿ ಎಂದು ಮರೆಪ್ಪ ಮಾತು ಕೊಟ್ಟಿದ್ದ.

ಹುಡುಗಿ ಯಾಕೆ ಹೋಗುವುದಿಲ್ಲವೆಂದು ಗುರುಬಾಯಿಗೆ ಗೊತ್ತಿತ್ತು. ತಲೆಗೆ ನೀರೆರೆಯುವಾಗ ಮಗಳ ತೋಳು ನೋಡಿದ್ದಳು. ಮೊಣಕೈಯಿಂದ ಮಣಿಕಟ್ಟಿನ ತನಕ ಸುಟ್ಟ ಗಾಯವಿತ್ತು. ಅಳಿಯ ಅಣ್ಣಾರಾಯ ಒಲೆಯ ಕೊಳ್ಳಿಯನ್ನೇ ಎತ್ತಿ ತೋಳಿಗೆ ಇಟ್ಟಿದ್ದ.

"ದೊಡ್ಡಪ್ಪಗ ಹೇಳಬ್ಯಾಡ ಯವ್ವಾ" ಎಂದಿದ್ದಳು ಮುಕ್ತಾಬಾಯಿ. "ಆ ಮನಿ ಅವನ ಹುಡುಕಿ ಕೊಟ್ಟಾನ. ಅವನ ಎದಿ ಒಡೀತದ."

"ಹಂಗಾರ ಏನ್ ಮಾಡ್ತಿ? ಹೋಗ್ತೀಯೇನು?"

"ಹೋಗಂಗಿಲ್ಲ."

ಗುರುಬಾಯಿ ಗಂಡನಿಗೆ ಹೇಳಿದಳು. ಅಮೋಗಸಿದ್ಧ ಕೇಳಿಕೊಂಡ. ಮರುದಿನ ಡಿಸ್ಚಾರ್ಜ್ ಬುಕ್ಕನ್ನೂ ಬಿಲ್ಲೆಯನ್ನೂ ಪಂಜೆಯಲ್ಲಿ ಸುತ್ತಿಕೊಂಡು ಮೊದಲ ಸಲ ಸೊಲ್ಲಾಪುರದ ಬಸ್ಸು ಹತ್ತಿದ.

ಸೊಲ್ಲಾಪುರದಲ್ಲಿ ಮಗ ನಿಂಗಣ್ಣ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನೂ ಹೆಂಡತಿ ಜನಾಬಾಯಿಯೂ ಸಾಲುಮನೆಗಳ ಚಾಳದಲ್ಲಿ ಒಂದೇ ಕೋಣೆಯ ಖೋಲಿಯಲ್ಲಿ ಇದ್ದರು. ನಿಂಗಣ್ಣ ಓದಿದ್ದು ಮರಾಠಿ ಸಾಲಿಯಲ್ಲಿ. ಅಪ್ಪನ ಅರ್ಜಿಗಳನ್ನೆಲ್ಲ ಅವನೇ ಮರಾಠಿಯಲ್ಲಿ ಬರೆದಿದ್ದ. ಕಚೇರಿಯವರು ಇಂಗ್ಲಿಷ್ ಬೇಕೆಂದಾಗ ನವಿ ಪೇಠದ ಅರಿವೆ ಅಂಗಡಿಗಳ ಸಾಲಿನಲ್ಲಿ ಟೈಪ್ ಹೊಡೆಯುವವನ ಹತ್ತಿರ ಕೂತು ಬರೆಸಿದ್ದ. ಪಾಳಿ ಮುಗಿಸಿ ಬಂದು ನಿದ್ದೆ ಬಿಟ್ಟು ಅಪ್ಪನ ಜೊತೆ ತಿರುಗಿ ಅವನಿಗೂ ಸಾಕಾಗಿತ್ತು.

"ಅಪ್ಪಾ, ಇದನ್ನ ಇಲ್ಲಿಗೇ ಬಿಡು" ಎಂದ ಒಂದು ದಿನ. ಜನಾಬಾಯಿ ಚಹಾ ಸೋಸುತ್ತಿದ್ದಳು. "ಬುಕ್ಕಿನ್ಯಾಗ ಒಂದು ಸಾಲು ಬರದರ ಏನ್ ಬಂತು? ನೀ ಮೊದಲ ಹ್ಯಾಂಗ ಇದ್ದಿ, ಆಮ್ಯಾಲೂ ಹಂಗ ಇರ್ತಿ."

ಅಮೋಗಸಿದ್ಧ ಬಸಿಯಲ್ಲಿ ಚಹಾ ಸುರಿದುಕೊಂಡು ಆರಲು ಬಿಟ್ಟ. "ಗಿರಣಿ ಗೇಟಿನ್ಯಾಗ ವಾಚಮನ್ ಜಾಗಾ ಖಾಲಿ ಅದ ಅಂತ ನೀನ ಹೇಳಿದ್ದಿ."

"ಹೌದು."

"ಲೇಬರ್ ಸಾಹೇಬಗ ಹೋಗಿ ಭೆಟ್ಟಿ ಆಗಿದ್ದೆ. ಕುಂಟಗ ಯಾರು ಇಟಗೋತಾರ ಅಂದ. ಬಿಲ್ಲಿ ತೋರಿಸಿದೆ. ಬುಕ್ಕ ತಗದು ನೋಡಿ, ಇದರಾಗ ಬರದಿಲ್ಲಲಾ ಅಂದ. ಬರಸಕೊಂಡು ಬಾ, ಎಲ್ಲಾರಕಿಂತ ಮೊದಲ ನಿನ್ನ ತಗೋತೀನಿ ಅಂದ."

"ಈ ವಯಸ್ಸಿನ್ಯಾಗ ನೌಕರಿ ಯಾಕ ಬೇಕು ನಿನಗ? ದೊಡ್ಡಪ್ಪ ಉಣ್ಣಾಕ ಕೊಡಂಗಿಲ್ಲೇನು?"

"ಕೊಡ್ತಾನ. ನಾ ಅವನ ಅನ್ನಾ ತಿಂದು, ಅವನ ಮನ್ಯಾಗ ಕುಂತು, ಅವ ಕೊಟ್ಟ ಮಾತಿಗೆ ಆಗಂಗಿಲ್ಲ ಅಂತ ಹ್ಯಾಂಗ ಅನ್ನಲಿ? ನನಗ ಒಂದು ಖೋಲಿ ಬೇಕು. ಮುಕ್ತಾನ್ನ ಕರಕೊಂಡು ಬರ್ತೀನಿ."

ನಿಂಗಣ್ಣ ಜನಾಬಾಯಿಯ ಮುಖ ನೋಡಿದ. ತಂಗಿಯ ತೋಳಿನ ಸಂಗತಿ ಅವನಿಗೂ ಗೊತ್ತಿರಲಿಲ್ಲ. ಅಪ್ಪ ಅದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ. ಮತ್ತೆ ನಿಂಗಣ್ಣ ಬಿಡು ಎನ್ನಲಿಲ್ಲ. ಅಂಗಿ ಹಾಕಿಕೊಂಡು ಅಪ್ಪನ ಜೊತೆ ಕಚೇರಿಗೆ ಹೊರಟ.

ಅವತ್ತು ಸಾಹೇಬ ಇದ್ದ. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನಲ್ಲಿ ಕೊರೆದ ಅಕ್ಷರ ಓದಿದ. ಬುಕ್ಕಿನಲ್ಲಿ ಇದ್ದದ್ದು ಅಮೋಗಸಿದ್ಧ ಬೀರಪ್ಪ. ಬಿಲ್ಲೆಯ ಮೇಲೆ ಇದ್ದದ್ದು ಅಮೋಗಿ ಮರೆಪ್ಪ.

"ಇದು ಬೇರೆಯವನದು" ಎಂದ ಸಾಹೇಬ ಮರಾಠಿಯಲ್ಲಿ. "ಇಂಥ ಬಿಲ್ಲೆ ಬಜಾರಿನಲ್ಲಿ ಸಿಗುತ್ತವೆ."

ನಿಂಗಣ್ಣನ ಮುಖ ಕೆಂಪಾಯಿತು. ಅಮೋಗಸಿದ್ಧ ಮಾತ್ರ ಸಮಾಧಾನದಿಂದ ಹೇಳಿದ: ಭರ್ತಿಯಾಗುವಾಗ ಅಪ್ಪನ ಹೆಸರು ಬೀರಪ್ಪ ಎಂದು ಬರೆಸಿದ್ದೆ. ಇಟಲಿಯಲ್ಲಿ ಹೊಸ ಹವಾಲ್ದಾರ ಬಂದಾಗ ಮನೆಯ ಹಿರಿಯ ಯಾರು, ಕಾಗದ ಯಾರಿಗೆ ಹಾಕಬೇಕು ಎಂದು ಕೇಳಿದ. ಅಪ್ಪ ತೀರಿಕೊಂಡಿದ್ದ, ಅಣ್ಣನ ಹೆಸರು ಹೇಳಿದೆ. ಅವನು ಅದನ್ನೇ ನನ್ನ ಹೆಸರಿಗೆ ಹಚ್ಚಿದ.

ಸಾಹೇಬ ಕೆಟ್ಟವನಲ್ಲ. ಯೋಚಿಸಿ ಎರಡು ಕೆಲಸ ಹೇಳಿದ. ಮರೆಪ್ಪನೆಂಬ ಅಣ್ಣ ತಾನೇ ಬಂದು ಹೇಳಬೇಕು. ಲಡಾಯಿಯಲ್ಲಿ ಜೊತೆಗಿದ್ದು ಕಣ್ಣಾರೆ ಕಂಡ ಒಬ್ಬ ಸಿಪಾಯಿ ಸಾಕ್ಷಿ ಹೇಳಬೇಕು.

"ಅಂಥವರು ಯಾರಾದರೂ ಇದ್ದಾರೆಯೇ?"

"ಒಬ್ಬ ಅದಾನ್ರಿ" ಎಂದ ಅಮೋಗಸಿದ್ಧ. "ಅವ ಬರಂಗಿಲ್ಲ."

ಬೋರಾಮಣಿಯ ಭೀಮಣ್ಣ ಅವನು. ಇವರದೇ ಜಾತಿಯ ಕುರಿಯವನು. ಒಂದೇ ಪಲ್ಟನ್ನಿನಲ್ಲಿದ್ದು ಒಂದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅಲ್ಲಿಯೇ ಇಬ್ಬರೂ ಮಾತಾಡಿ, ಭೀಮಣ್ಣನ ಹಿರಿಯ ಮಗನಿಗೆ ಮುಕ್ತಾಬಾಯಿಯನ್ನು ಕೊಡುವುದೆಂದು ಗೊತ್ತುಮಾಡಿದ್ದರು. ಎರಡೂ ಮನೆಗೆ ಕಾಗದ ಹೋಗಿತ್ತು. ಮರೆಪ್ಪ ಹೂಂ ಎಂದು ಉತ್ತರ ಬರೆಸಿದ್ದ. ಆಮೇಲೆ ಹಣಮಂತಪ್ಪನ ಮನೆಯಿಂದ ಕೇಳಿಕೊಂಡು ಬಂದಾಗ ಹುಡುಗಿಯನ್ನು ಅಲ್ಲಿಗೆ ಕೊಟ್ಟುಬಿಟ್ಟ. ಅಮೋಗಸಿದ್ಧ ಊರಿಗೆ ಬಂದಾಗ ಸಣ್ಣ ಹುಡುಗಿಗೇ ಲಗ್ನ ಆಗಿಹೋಗಿತ್ತು, ದೊಡ್ಡವಳಾದ ಮೇಲೆ ಗಂಡನ ಮನೆಗೆ ಕಳಿಸಿದ್ದರು. ಭೀಮಣ್ಣನಿಗೆ ಮುಖ ತೋರಿಸಲು ಅವನಿಗೆ ಧೈರ್ಯವಾಗಲಿಲ್ಲ. ಅಂದಿನಿಂದ ಇಬ್ಬರೂ ಭೇಟಿಯಾಗಿರಲಿಲ್ಲ.

ಕರಜಗಿಯಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು.

"ನಾ ಬರತೀನಿ, ಹೆಸರ ಹೇಳತೀನಿ" ಎಂದ ಮರೆಪ್ಪ. "ಬೋರಾಮಣಿಗೆ ಮಾತ್ರ ಹೋಗಂಗಿಲ್ಲ."

"ನಿನಗ ಹೋಗು ಅಂದವರ್ಯಾರು?"

"ಮತ್ತ ನೀ ಹೋಗು."

"ನಾ ಯಾವ ಮುಖಾ ತಗೊಂಡು ಹೋಗಲಿ? ಅವ ಕೇಳತಾನ, ನಮ್ಮಣ್ಣ ಹಿಂಗ ಮಾಡಿದ ಅನಬೇಕೇನು?"

"ಅನ್ನು. ಊರೆಲ್ಲಾ ಅಂದದ, ನೀ ಒಬ್ಬ ಉಳದೀದಿ."

ಗಂಗುಬಾಯಿ ತಾಟು ಸರಿಸಿದಳು. ಗುರುಬಾಯಿ ಸೆರಗು ಮುಂದಕ್ಕೆ ಎಳೆದುಕೊಂಡು ಒಲೆಯ ಕಡೆ ಮುಖ ಮಾಡಿದಳು. ಮುಕ್ತಾಬಾಯಿ ಇಬ್ಬರಿಗೂ ಮಜ್ಜಿಗೆ ಬಡಿಸಿ, "ಜನಾ ವೈನಿ ಕರದಾಳ, ನಾಕು ದಿನಾ ಸೊಲ್ಲಾಪುರಕ್ಕ ಹೋಗಿ ಬರ್ತೀನಿ" ಎಂದಳು. ಜನಾಬಾಯಿ ಕರೆದಿರಲಿಲ್ಲ.

ಸೊಲ್ಲಾಪುರದಿಂದ ಬೋರಾಮಣಿಗೆ ಅತ್ತಿಗೆ ನಾದಿನಿ ಇಬ್ಬರೇ ಹೋದರು. ಭೀಮಣ್ಣ ಹಟ್ಟಿಯ ಮುಂದೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಯಾರ ಮನೆಯವರೆಂದು ಜನಾಬಾಯಿ ಹೇಳಿದಾಗ ಅವನ ಕೈ ನಿಂತಿತು.

"ನಿಮ್ಮಪ್ಪ ಯಾಕ ಬರಲಿಲ್ಲ?" ಎಂದು ಮುಕ್ತಾಬಾಯಿಯನ್ನು ಕೇಳಿದ.

"ಅವಗ ನಾಚಿಕಿ ಕಾಕಾ."

"ನನಗೂ ಆಗಿತ್ತು. ಬೀಗರು ಬರ್ತಾರಂತ ಊರಿಗೆಲ್ಲಾ ಹೇಳಿದ್ದೆ."

"ಆಗ ನಾ ಸಣ್ಣಕಿ. ನನಗ ಯಾರೂ ಕೇಳಲಿಲ್ಲ" ಎಂದಳು ಮುಕ್ತಾಬಾಯಿ. "ಅಪ್ಪಂದೂ ತಪ್ಪಿಲ್ಲ. ದೊಡ್ಡಪ್ಪನೂ ನನ್ನ ಕೇಡು ಬಯಸಿ ಮಾಡಿಲ್ಲ. ಅಪ್ಪನ ಬಿಲ್ಲಿಗೆ ಸಾಕ್ಷಿ ಹೇಳಾಕ ನೀವು ಬರಬೇಕು. ಬರಂಗಿಲ್ಲಂದರ ಅದನ್ನರೆ ಹೇಳ್ರಿ, ನಾ ಅಪ್ಪಗ ಹೋಗಿ ಹೇಳತೀನಿ."

ಭೀಮಣ್ಣ ಮತ್ತೆ ಹಗ್ಗ ಹೊಸೆಯತೊಡಗಿದ. ಒಳಗಿನಿಂದ ಅವನ ಹಿರಿಯ ಸೊಸೆ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು ಇಬ್ಬರ ಮುಂದೆ ನೀರಿನ ತಂಬಿಗೆ ಇಟ್ಟಳು. ತನ್ನ ಗಂಡನಿಗೆ ಮೊದಲು ಗೊತ್ತುಮಾಡಿದ್ದ ಹುಡುಗಿ ಇವಳೇ ಎಂದು ಅವಳಿಗೆ ತಿಳಿದಿತ್ತು. ಆದರೂ "ಬಿಸಲಾಗ ಬಂದೀರಿ, ರೊಟ್ಟಿ ತಿಂದು ಹೋಗ್ರಿ" ಎಂದಳು. ಮುಕ್ತಾಬಾಯಿ ತಂಬಿಗೆ ಎತ್ತಿ ಬಾಯಿಗೆ ಸುರಿದುಕೊಳ್ಳುವಾಗ ಮಣಿಕಟ್ಟಿನ ತನಕ ಇದ್ದ ಕುಪ್ಪಸದ ತೋಳು ಹಿಂದೆ ಸರಿಯಿತು. ಭೀಮಣ್ಣ ಅವಳ ಕೈಯನ್ನೇ ನೋಡಿದ. ಆಮೇಲೆ ಹಗ್ಗ ಕೆಳಗಿಟ್ಟ.

"ಯಾವತ್ತು ಬರಬೇಕು?"

ಕಚೇರಿಯ ದಿನ ಮರೆಪ್ಪ ತೊಳೆದ ಪಟಕ ಸುತ್ತಿಕೊಂಡು ತಮ್ಮನ ಜೊತೆ ಬಂದ. ಭೀಮಣ್ಣ ಮೊದಲೇ ಬಂದು ಜಗಲಿಯ ಮೇಲೆ ಕುಳಿತಿದ್ದ. ಅಮೋಗಸಿದ್ಧ ಅವನ ಎದುರಿಗೆ ಹೋಗಿ ನಿಂತ.

"ಕಾಲು ಹ್ಯಾಂಗದ?" ಎಂದ ಭೀಮಣ್ಣ.

"ಅದ. ನಿಂದು?"

"ನಂದೂ ಅದ."

ಒಳಗೆ ಮೊದಲು ಮರೆಪ್ಪನನ್ನು ಕರೆದರು. ಇವನು ನನ್ನ ತಮ್ಮ, ಇದು ನಮ್ಮಪ್ಪನ ಹೆಸರು, ಮರೆಪ್ಪ ಅಂದರೆ ನಾನೇ ಎಂದು ಹೇಳಿದ. ಸಾಹೇಬ ಬಿಲ್ಲೆಯನ್ನು ಅವನ ಕೈಗೆ ಕೊಟ್ಟ. ಮರೆಪ್ಪ ಅದನ್ನು ಮುಟ್ಟಿದ್ದು ಅದೇ ಮೊದಲು.

"ಇದರಾಗ ನನ್ನ ಹೆಸರ ಎಲ್ಲದರಿ?"

ಕಾರಕೂನ ಬೆರಳಿಟ್ಟು ತೋರಿಸಿದ. ಮರೆಪ್ಪ ಉಗುರಿನಿಂದ ಆ ಅಕ್ಷರಗಳನ್ನು ಸವರಿ ನೋಡಿ ತಿರುಗಿ ಮೇಜಿನ ಮೇಲೆ ಇಟ್ಟ.

ಆಮೇಲೆ ಭೀಮಣ್ಣ ಹೇಳಿದ. ಚಳಿಗಾಲ. ಹೊಳೆಯ ಆಚೆ ದಡದಲ್ಲಿ ತನಗೆ ತೊಡೆಗೆ ಗುಂಡು ಬಿತ್ತು. ಉಳಿದವರು ಹಿಂದೆ ಸರಿದರು, ಸರಿಯಲೇಬೇಕಿತ್ತು. ಅಮೋಗಸಿದ್ಧ ನೀರಿಗಿಳಿದು ಬಂದು ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿಸಿದ. ಆಚೆ ಇನ್ನೊಬ್ಬ ಪಂಜಾಬಿ ಹುಡುಗ ಅಳುತ್ತಿದ್ದ. ಅವನನ್ನು ತರಲು ಮತ್ತೆ ಹೋದ. ಆ ಸಲ ಕಾಲಿಗೆ ಚೂರು ಬಡಿಯಿತು. ಆದರೂ ಹುಡುಗನನ್ನು ಬಿಡಲಿಲ್ಲ.

"ಕುರಿ ಹೊತ್ತಂಗ ಹೊತ್ತಾನ್ರಿ ನಮ್ಮನ್ನ" ಎಂದ. "ಇವನ ಬಿಲ್ಲಿ ಸುಳ್ಳಂದರ ನಾ ಇಲ್ಲಿ ಕುಂತದ್ದೂ ಸುಳ್ಳು."

ಸಾಹೇಬ ಬರೆದುಕೊಂಡು ಬುಕ್ಕನ್ನು ಮೇಲಿನ ಕಚೇರಿಗೆ ಕಳಿಸಲು ಇಟ್ಟುಕೊಂಡ. ಭೀಮಣ್ಣ ಹೆಬ್ಬೆಟ್ಟು ಒತ್ತಿದ. ಮರೆಪ್ಪ ತಮ್ಮನನ್ನು ಓರೆಗಣ್ಣಿನಿಂದ ನೋಡಿದ. ಇಷ್ಟು ವರ್ಷ ಮನೆಯಲ್ಲಿ ಅಮೋಗಸಿದ್ಧ ಇದರಲ್ಲಿ ಒಂದು ಮಾತೂ ಆಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಹೊರಗೆ ಜಗಲಿಯ ಮೇಲೆ ಮರೆಪ್ಪನೇ ಮಾತು ತೆಗೆದ. "ಭೀಮಣ್ಣ, ಆಗ ನಾ ಅಂಜಿದ್ದೆ. ನಿಮ್ಮ ಕಾಗದ ಬಂದಮ್ಯಾಲ ತಮ್ಮನ ಗಾಯ ನಂಜೇರ್ಯದಂತ ತಾರು ಬಂದಿತ್ತು. ಅವ ಉಳಿಯಂಗಿಲ್ಲ ಅಂದಕೊಂಡೆ. ಅಪ್ಪ ಇಲ್ಲದ ಹುಡುಗಿನ್ನ ನಾಳಿ ಯಾರು ಕೇಳತಾರು? ಚಲೋ ಮನಿಯವರು ಬಂದರು, ಕೊಟ್ಟೆ."

"ಚಲೋ ಮನಿ" ಎಂದ ಭೀಮಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆಕಿ ಕೈ ನೋಡೀಯೇನು ನೀನು?"

"ಯಾರ ಕೈ?"

"ಮನಿಗೆ ಹೋಗಿ ನೋಡು."

ಮರೆಪ್ಪ ತಮ್ಮನ ಕಡೆ ತಿರುಗಿದ. ಅಮೋಗಸಿದ್ಧ ನೆಲ ನೋಡುತ್ತಿದ್ದ. ಅಣ್ಣತಮ್ಮಂದಿರು ಬಸ್ಸು ಹತ್ತಿ ಅಕ್ಕಲಕೋಟೆ ದಾಟಿ ಕರಜಗಿಗೆ ಬಂದರು.

ಮುಕ್ತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮರೆಪ್ಪ ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಬಂದು ಕುಳಿತ. "ಕೈ ತೋರಸು" ಎಂದ. ಅವಳು ತಾಯಿಯ ಮುಖ ನೋಡಿದಳು. ಮುಕ್ತಾಬಾಯಿ ಹಿಟ್ಟಿನ ಕೈಯನ್ನೇ ಮುಂದೆ ಮಾಡಿ ತೋಳು ಸರಿಸಿದಳು. ಮರೆಪ್ಪ ನೋಡಿದ. ಮುಟ್ಟಲು ಕೈ ಎತ್ತಿದವನು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

"ನನಗ ಯಾಕ ಹೇಳಲಿಲ್ಲವ್ವ?"

"ಹ್ಯಾಂಗ ಹೇಳಲಿ ದೊಡ್ಡಪ್ಪ" ಎಂದಳು ಅವಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಗುರುಬಾಯಿ ಅದನ್ನು ತಿರುವಿ ಹಾಕಿದಳು. ಮರೆಪ್ಪ ಅವತ್ತು ಉಣ್ಣಲಿಲ್ಲ. ತಾಯಿ ಎರಡು ಸಲ ಕರೆದರೂ ಕುರಿಹಟ್ಟಿಯಿಂದ ಬರಲಿಲ್ಲ.

ಯುಗಾದಿಯ ಮರುವಾರ ಹಣಮಂತಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಕಂಬಳಿ ಹಾಸಿ ಕೂರಿಸಿದರು. ಗುರುಬಾಯಿ ಬೆಲ್ಲದ ಚಹಾ ಮಾಡಿ ಕಳಿಸಿದಳು. ಅಮೋಗಸಿದ್ಧ ಗೋಡೆಗೆ ಒರಗಿ ನಿಂತಿದ್ದ. ಇನ್ನೂ ಕಚೇರಿಯಿಂದ ಯಾವ ಸುದ್ದಿಯೂ ಬಂದಿರಲಿಲ್ಲ, ನೌಕರಿಯೂ ಇರಲಿಲ್ಲ. ಆದರೂ ಇವತ್ತು ತಾನೇ ಬಾಯಿ ತೆಗೆಯಬೇಕೆಂದು ಗಟ್ಟಿಮಾಡಿಕೊಂಡಿದ್ದ. ಅಷ್ಟರಲ್ಲಿ ಮರೆಪ್ಪ ಮಾತಾಡಿದ.

"ನಮ್ಮ ಹುಡುಗಿ ಬರಂಗಿಲ್ರಿ."

ಹಣಮಂತಪ್ಪ ಬಸಿ ಕೆಳಗಿಟ್ಟ. "ನೀವ ಬರ್ರಿ ಅಂತ ಮಾತು ಕೊಟ್ಟಿದ್ರಿ ಮರೆಪ್ಪ."

"ಕೊಟ್ಟಿದ್ದೆ. ಮಾತು ಮುರಿಯೂದು ನನಗೇನು ಹೊಸಾದಲ್ಲ. ಹಿಂದ ಒಮ್ಮೆ ಮುರೀಬಾರದ ಮಾತು ಮುರದಿದ್ದೆ."

"ಗಂಡ ಹೆಂಡ್ತಿ ಅಂದಮ್ಯಾಲ ಒಂದು ಮಾತು ಬರ್ತದ, ಹೋಗ್ತದ. ಅಷ್ಟಕ್ಕ ಮನಿ ಬಿಡಸತಾರೇನು?"

"ಕೊಳ್ಳಿ ಇಟ್ಟಾನ್ರಿ ನಿಮ್ಮ ಮಗ. ಆಕಿ ಜ್ವರದಾಗ ಬಿದ್ದಾಗ ನನ್ನ ಹೇಣ್ತಿ ಆಕಿನ್ನ ಉಳಿಸಿ ತಾನು ಸತ್ತಳು. ಸುಡಾಕ ಉಳಿಸಿಲ್ಲ." ಮರೆಪ್ಪನ ದನಿ ಏರಲಿಲ್ಲ. "ಚಹಾ ಕುಡೀರಿ. ಆರತದ."

ಅವರು ಚಹಾ ಬಿಟ್ಟು ಎದ್ದರು. ಊರಲ್ಲಿ ನಾಲ್ಕು ದಿನ ಮಾತಾಯಿತು. ಮರೆಪ್ಪ ಕಟ್ಟೆಯ ಕಡೆ ಹೋಗುವುದು ಬಿಟ್ಟ, ಕುರಿಗಳ ಜೊತೆ ಬೆಳಗಾಗುವ ಮೊದಲೇ ಹೊರಬೀಳತೊಡಗಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಡಿಸ್ಚಾರ್ಜ್ ಬುಕ್ಕು ತಿರುಗಿ ಬಂತು. ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು, ಕೆಳಗೆ ಒಂದು ಸಹಿ. ನಿಂಗಣ್ಣ ಅದನ್ನು ಟೈಪಿನವನಿಂದ ಓದಿಸಿಕೊಂಡು, ಕರಜಗಿಗೆ ತಂದು ಬಿಲ್ಲೆಯ ಹೆಸರನ್ನೂ ವರ್ಷವನ್ನೂ ಹೇಳಿದ.

"ಮತ್ತೇನು ಬರದಾರ?" ಎಂದು ಗುರುಬಾಯಿ ಕೇಳಿದಳು.

"ಇಷ್ಟ ಯವ್ವಾ."

ಗಿರಣಿಯ ಲೇಬರ್ ಸಾಹೇಬ ಆ ಸಾಲನ್ನು ಸರಿಯಾಗಿ ಓದಲೂ ಇಲ್ಲ. ಸಹಿ ನೋಡಿದ, ಕಾಲು ನೋಡಿದ, ಎಂಟು ತಾಸು ನಿಲ್ಲುವುದಾಗುತ್ತದೆಯೇ ಎಂದು ಕೇಳಿದ. ಆಗುತ್ತದೆ ಎಂದ ಅಮೋಗಸಿದ್ಧ. ಅವನು ನಿಂತ. ನಿಂಗಣ್ಣನ ಚಾಳದಲ್ಲಿಯೇ ಇನ್ನೊಂದು ಖೋಲಿ ಸಿಕ್ಕಿತು. ಮುಕ್ತಾಬಾಯಿ ಜನಾಬಾಯಿಯ ಹತ್ತಿರ ಬೀಡಿ ಕಟ್ಟುವುದು ಕಲಿತು ಅಪ್ಪನಿಗೆ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದಳು. ಗುರುಬಾಯಿಗೆ ಬರಲಾಗಲಿಲ್ಲ. ಕಣ್ಣು ಮಂಜಾದ ಅತ್ತೆಯನ್ನು ನೋಡುವವರು ಬೇಕಿತ್ತು, ಮರೆಪ್ಪನಿಗೆ ರೊಟ್ಟಿ ಬಡಿಯುವವರು ಬೇಕಿತ್ತು. ಗಂಡನನ್ನೂ ಮಗಳನ್ನೂ ಬಸ್ಸು ಹತ್ತಿಸಿ ಬಂದು ಅವಳು ಹೊಸ್ತಿಲ ಮೇಲೆ ಬಹಳ ಹೊತ್ತು ಕುಳಿತಳು. ಆಮೇಲೆ ಎದ್ದು ಕಸ ಹೊಡೆದಳು.

ದಸರೆ ಕಳೆದ ಮೇಲೆ ಮರೆಪ್ಪ ಒಂದು ಚೀಲ ಜೋಳ ಹೊತ್ತುಕೊಂಡು ಸೊಲ್ಲಾಪುರಕ್ಕೆ ಬಂದ. ಚಾಳದ ಮಕ್ಕಳು ಅವನ ಕಂಬಳಿ, ಕೋಲು ನೋಡುತ್ತ ಹಿಂದೆ ಬಂದರು. ಅಮೋಗಸಿದ್ಧ ಆಗ ತಾನೇ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕುಳಿತಿದ್ದ. ಮುಕ್ತಾಬಾಯಿ ದೊಡ್ಡಪ್ಪನಿಗೆ ನೀರು ಕೊಟ್ಟು, ಇಬ್ಬರಿಗೂ ತಾಟು ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ.

ಅವ್ವ ಹೇಗಿದ್ದಾಳೆ, ಯಾವ ಕುರಿ ಈಯಿತು, ಗುರುಬಾಯಿಯ ಕೆಮ್ಮು ಹೇಗಿದೆ ಎಂಬ ಮಾತುಗಳು ಬಂದವು, ಮುಗಿದವು. ಮರೆಪ್ಪ ತುತ್ತು ಮುರಿದು ಕೈಯಲ್ಲಿಯೇ ಹಿಡಿದುಕೊಂಡು ಕುಳಿತ.

"ಅಮೋಗಿ" ಎಂದ, "ಅಲ್ಲಿ ನಿಮಗ ಉಣ್ಣಾಕ ಏನ್ ಕೊಡತಿದ್ರು?"

"ಎಲ್ಲಿ?"

"ಲಡಾಯ್ಯಾಗ. ಇಟಲಿನಾಗ."

ಅಮೋಗಸಿದ್ಧ ಅಣ್ಣನನ್ನು ನೋಡಿದ. ನಗುತ್ತಾನೋ ಎಂದು ನೋಡಿದ. ಮರೆಪ್ಪ ನಗುತ್ತಿರಲಿಲ್ಲ, ಕಾಯುತ್ತಿದ್ದ.

"ಬ್ಯಾಳಿ ಕೊಡತಿದ್ರು, ಚಪಾತಿ ಕೊಡತಿದ್ರು" ಎಂದ ಅಮೋಗಸಿದ್ಧ ನಿಧಾನವಾಗಿ. "ಮುಂದ ಹ್ವಾದಮ್ಯಾಲ ಅದೂ ಇಲ್ಲ. ಬಿಸ್ಕೀಟ, ಕಲ್ಲಿನಂಗ ಇರತಿದ್ದವು. ಒಂದ್ಸಲ ಒಂದು ಹಳ್ಳ್ಯಾಗ ಒಬ್ಬಾಕಿ ಮುದುಕಿ ನಮ್ಮನ್ನ ಕರದು ಕೂಡಿಸಿ ಗೋವಿನಜೋಳದ ನುಚ್ಚು ಕೊಟ್ಟಳು. ನಮ್ಮವ್ವ ಮಾಡಿದಂಗ ಇತ್ತು."

"ಮಜ್ಜಗಿ?"

"ಮಜ್ಜಗಿ ಎಲ್ಲೀದಣ್ಣಾ. ಹಾಲು ಹಾಕಿದ್ದಳು, ಕುರಿ ಹಾಲು."

"ಅಲ್ಲೂ ಕುರಿ ಅದಾವೇನು?" ಎಂದ ಮರೆಪ್ಪ. ತಾಟು ಹಿಡಿದು ತಮ್ಮನ ಹತ್ತಿರ ಸರಿದು ಕುಳಿತ. ಮುಕ್ತಾಬಾಯಿ ಇನ್ನೊಂದು ರೊಟ್ಟಿಗೆ ಹಿಟ್ಟು ನಾದತೊಡಗಿದಳು.